ಕಾತರಿನಾಳ ಕೆಂಪು ಪೆಟ್ಟಿಗೆ

ಟಣ್. ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಮತ್ತೆ ಟಣ್.

ಕಾತರಿನಾಳ ಮನೆಯ ಹಿಂದೆ, ಭತ್ತದ ಗದ್ದೆಯ ಅಂಚಿನ ಸಣ್ಣ ಕಾಲುವೆಗೆ ಅವಳ ಅಪ್ಪ ಒಂದು ಬಿದಿರನ್ನು ತೂಗುಹಾಕಿದ್ದ. ಬಿದಿರಿನ ಒಂದು ತುದಿಯಲ್ಲಿ ನೀರು ತುಂಬಿದರೆ ಅದು ಬಾಗಿ ನೀರು ಚೆಲ್ಲುತ್ತದೆ. ಹಗುರಾದ ಮೇಲೆ ಇನ್ನೊಂದು ತುದಿ ಹಿಂದಕ್ಕೆ ಬಿದ್ದು ಖಾಲಿ ಎಣ್ಣೆ ಡಬ್ಬಿಗೆ ಬಡಿಯುತ್ತದೆ. ಕಾಡುಹಂದಿ ಹೆದರಲಿ ಎಂದು ಮಾಡಿದ್ದು. ಹಂದಿ ಬಂದರೂ ಬಾರದಿದ್ದರೂ ಅದು ಹಗಲು ರಾತ್ರಿ ಬಡಿಯುತ್ತಲೇ ಇರುತ್ತಿತ್ತು. ನಾನು ಮೊದಲ ಸಲ ಅವರ ವಾಡೆಗೆ, ಕಾಡಿನಂಚಿನ ಆ ಪುಟ್ಟ ಕೇರಿಗೆ, ಹೋದಾಗ ಐದು ನಿಮಿಷ ಕೂರುವುದರೊಳಗೆ ತಲೆ ಚಿಟ್ಟೆಂದಿತ್ತು.

"ಅಕ್ಕಾ, ಈ ಸಪ್ಪಳದಾಗ ಹೆಂಗ ಇರ್ತೀರಿ?" ಎಂದು ಕೇಳಿದೆ.

"ಯಾವ ಸಪ್ಪಳ?" ಎಂದಳು ಕಾತರಿನಾ. ತಮಾಷೆಗೆ ಅಂದದ್ದಲ್ಲ. ಅವಳು ನಿಜವಾಗಿಯೂ ಕಿವಿಗೊಟ್ಟು ಹುಡುಕಿದಳು.

ಅವರ ವಾಡೆ ಹಳಿಯಾಳದಿಂದ ಜೋಯಿಡಾದ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಳಗೆ ಒಂದೂವರೆ ಮೈಲಿ. ಹದಿನಾರು ಮನೆ, ಎಲ್ಲ ಆಫ್ರಿಕಾ ಮೂಲದ ಸಿದ್ದಿಯರವು. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ, ಭಾನುವಾರ ಪ್ರಾರ್ಥನೆ. ಕಾತರಿನಾ ಏಳನೆಯ ತರಗತಿಯಿಂದ ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ಒಂದು ಹಳೆಯ ಕನ್ನಡ ಟೈಪ್‌ರೈಟರ್ ಇತ್ತು. ಮಳೆಗಾಲದ ಸಂಜೆಗಳಲ್ಲಿ ಮಾಡಲು ಬೇರೆ ಏನೂ ಇಲ್ಲದೆ ಅದರ ಮುಂದೆ ಕೂರುತ್ತಿದ್ದಳಂತೆ. ಟೈಪಿಂಗಿನ ಜೂನಿಯರ್ ಪಾಸಾದಳು, ಸೀನಿಯರ್ ಪಾಸಾದಳು. ಆಮೇಲೆ ಕಣ್ಣು ಮುಚ್ಚಿದರೂ ಬೆರಳುಗಳಿಗೆ ಅಕ್ಷರ ಸಿಗುತ್ತಿತ್ತು.

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರು ಚನಬಸಪ್ಪನವರ ಕಂಪ್ಯೂಟರ್ ಅಂಗಡಿ. ಅರ್ಜಿ, ಕರಾರುಪತ್ರ, ಪ್ರಶ್ನೆಪತ್ರಿಕೆ, ಮದುವೆಯ ಕರೆಯೋಲೆ ಎಲ್ಲ ಅಲ್ಲಿ ಟೈಪಾಗುತ್ತಿದ್ದವು. ನಾನು ಅಲ್ಲಿಗೆ ಹೋಗಲು ಶುರುಮಾಡಿದ್ದು ಎರಡು ಸಾವಿರದ ಮೂರರಲ್ಲಿ, ಬಿ.ಎ. ಕೊನೆಯ ವರ್ಷದ ಒಂದು ಬರಹವನ್ನು ಟೈಪು ಮಾಡಿಸಲು. ಆಗ ಕಾತರಿನಾಗೆ ಇಪ್ಪತ್ತೇಳು. ಅಂಗಡಿಯಲ್ಲಿ ಅವಳು ಕೂತು ಮೂರು ವರ್ಷವಾಗಿತ್ತು. ಆದರೂ ಹೊಸಬರು ಬಂದರೆ ಅವಳ ಮುಖ ನೋಡಿ, ಅವಳ ಗುಂಗುರು ಕೂದಲು ನೋಡಿ, "ಆಪರೇಟರು ಎಲ್ಲಿ ಹೋಗ್ಯಾರವಾ?" ಎಂದು ಕೇಳುತ್ತಿದ್ದರು.

"ಊಟಕ್ಕ ಹೋಗ್ಯಾರ್ರಿ. ಬರೂತನಕ ನಾನು ಮಾಡಿರ್ತೇನಿ, ಕೊಡ್ರಿ," ಎನ್ನುತ್ತಿದ್ದಳು. ಅವರು ಕೊಟ್ಟು ಚಹಾ ಕುಡಿದು ಬರುವುದರೊಳಗೆ ಕಾಗದ ಮುಗಿದಿರುತ್ತಿತ್ತು.

ಅವಳಿಗೆ ತೊಂದರೆ ಇದ್ದದ್ದು ಒಂದೇ. ಅಂಗಡಿಯ ಕನ್ನಡ ತಂತ್ರಾಂಶದಲ್ಲಿ ಅಕ್ಷರಗಳು ಕೂತ ಜಾಗವೇ ಬೇರೆ. ಟೈಪ್‌ರೈಟರಿನ ಕ ಇದ್ದಲ್ಲಿ ಇಲ್ಲಿ ಮತ್ತೇನೋ. ಅವಳ ದೊಡ್ಡವ್ವನ ಮಗ ಡೇವಿಡ್ ದಾಂಡೇಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಅವನೇ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದು ಫ್ಲಾಪಿಯಲ್ಲಿ ಹಾಕಿಕೊಟ್ಟ. ಅದನ್ನು ಶುರುಮಾಡಿದರೆ ಅದು ಹಿಂದೆ ಕೂತು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಕೇಳಿಸಿಕೊಂಡು, ಟೈಪ್‌ರೈಟರಿನ ಅಕ್ಷರಕ್ಕೆ ಬದಲಾಯಿಸುತ್ತಿತ್ತು. ಆ ಒಂದು ಫ್ಲಾಪಿಯ ಮೇಲೆ ಅವಳ ಮೂರು ವರ್ಷದ ಕೆಲಸ ನಿಂತಿತ್ತು.

ಆ ವರ್ಷ ಗಣೇಶ ಚೌತಿಯ ಹೊತ್ತಿಗೆ ಧಾರವಾಡದಲ್ಲಿ ಚನಬಸಪ್ಪನವರ ಗೆಳೆಯರ ಅಂಗಡಿಗೆ ವೈರಸ್ ಹೊಕ್ಕು, ಎಲ್ಲ ಫೈಲುಗಳೂ ಹೋದವು. ಮರುದಿನವೇ ಚನಬಸಪ್ಪ ಹುಬ್ಬಳ್ಳಿಯ ಒಬ್ಬ ಡೀಲರನನ್ನು ಕರೆಸಿದರು.

"ಯಾವ ಆಂಟಿವೈರಸ್ ಭಾಳ ಬಿಗಿ ಐತಿ ಅದನ್ನ ಹಾಕ್ರಿ," ಎಂದರು. "ಸೊಳ್ಳಿ ಸೈತ ಒಳಗ ಬರಬಾರ್ದು."

ಡೀಲರ್ ಬಿಗಿಯ ಅಳತೆಯನ್ನು ತುತ್ತತುದಿಗೆ ಏರಿಸಿದ. ಆಗ ಮಷೀನು ಬಸವನಹುಳುವಿನ ಹಾಗೆ ನಡೆಯತೊಡಗಿತು. "ಹಂಗಾದ್ರ ಒಳಗಿನ ಕಾಗದಗೋಳನ್ನ, ಅಂದ್ರ ಟೈಪ್ ಮಾಡಿಟ್ಟ ಫೈಲಗೋಳನ್ನ, ನೋಡೂದು ಬಿಡಸ್ತೇನ್ರಿ," ಎಂದ. "ಫ್ಲಾಪಿ ಬರೂ ಬಾಗಲಾ, ಮತ್ತ ಪ್ರೋಗ್ರಾಂಗೋಳು, ಇವೆರಡನ್ನ ಕಾಯಲಿ." ತನ್ನ ಚೀಲ ಹೆಗಲಿಗೇರಿಸಿ, ಐದು ಗಂಟೆಯ ಬಸ್ಸು ಹಿಡಿದು ಹೋದ.

ಮರುದಿನ ಬೆಳಿಗ್ಗೆ ಕಾತರಿನಾ ಡೇವಿಡನ ಪ್ರೋಗ್ರಾಂ ಶುರುಮಾಡಿದ ಕೂಡಲೇ ಪರದೆಯ ನಡುವೆ ಒಂದು ಕೆಂಪು ಪೆಟ್ಟಿಗೆ ಎದ್ದಿತು. ಜತೆಗೊಂದು ಕರ್ಕಶ ಸದ್ದು. ಇದು ನಿಮ್ಮ ಕೀಲಿಗಳನ್ನು ಕದ್ದು ಕೇಳುತ್ತಿದೆ, ಅಳಿಸಿದ್ದೇವೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಚನಬಸಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. "ಕಾತರಿನಾ, ನಿಮ್ಮಣ್ಣ ಏನ್ ಮಾಡಿ ಕೊಟ್ಟಾನ? ಇದು ಕಳ್ಳ ಅನ್ನಾಕತ್ತೈತಿ."

"ಕಳ್ಳ ಅಲ್ರೀ ಅಣ್ಣಾರ. ಮೂರು ವರ್ಷ ಇದರ ಮ್ಯಾಲs ಮಾಡೇನಿ."

"ಮೂರು ವರ್ಷ ಸಿಕ್ಕಿದ್ದಿಲ್ಲ, ಈಗ ಸಿಕ್ಕಾನ ಅಂತೀನಿ ನಾ."

ಪಕ್ಕದ ಎಸ್‌ಟಿಡಿ ಬೂತಿನಿಂದ ಅವಳು ದಾಂಡೇಲಿಗೆ ಫೋನು ಮಾಡಿದಳು. ಡೇವಿಡ್ ಆ ಕಡೆಯಿಂದ ಜೋರಾಗಿ ನಕ್ಕದ್ದು ಬೂತಿನ ಹೊರಗೆ ನಿಂತವರಿಗೂ ಕೇಳಿಸಿತು. "ಅದು ಕೀಲಿ ಕೇಳೂದು ಖರೇನ ಐತೆಲ್ಲs. ಕೇಳದs ಬದಲಾಯಿಸೂದು ಹೆಂಗ? ಕಳ್ಳನೂ ಕೇಳ್ತಾನ, ಇದೂ ಕೇಳ್ತೈತಿ. ಆ ಆಂಟಿವೈರಸ್ಸಿಗೆ ಮುಖ ಅಷ್ಟs ಕಾಣ್ತೈತಿ ತಂಗಿ, ಮನಸ್ಸು ಕಾಣೂದಿಲ್ಲ."

ಫ್ಲಾಪಿಯ ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತಿತ್ತು. ಅದನ್ನು ಸರಿಸಿದರೆ ಫ್ಲಾಪಿಯ ಮೇಲೆ ಯಾರೂ ಏನೂ ಬರೆಯುವಂತಿಲ್ಲ, ಅಳಿಸುವಂತಿಲ್ಲ. ಕಾತರಿನಾ ಗುಂಡಿ ಸರಿಸಿಯೇ ಇಟ್ಟಿದ್ದಳು, ಹೀಗಾಗಿ ಡೇವಿಡನ ಪ್ರೋಗ್ರಾಂ ಫ್ಲಾಪಿಯಲ್ಲಿ ಉಳಿದಿತ್ತು. ಮಷೀನಿಗೆ ಹಾಕಿಕೊಂಡರೆ ಕೆಂಪು ಪೆಟ್ಟಿಗೆ ಅಳಿಸುತ್ತದೆ ಎಂದು ಅವಳು ಫ್ಲಾಪಿಯಿಂದಲೇ ಅದನ್ನು ನಡೆಸತೊಡಗಿದಳು. ಅಳಿಸಲಾಗದ್ದಕ್ಕೆ ಕೆಂಪು ಪೆಟ್ಟಿಗೆಗೆ ಸಿಟ್ಟು ಬಂದಂತಿತ್ತು. ನಾಲ್ಕು ಸಾಲಿಗೊಮ್ಮೆ ಎದ್ದು ಕೂಗುತ್ತಿತ್ತು. ಗಿರಾಕಿಗಳು ಬೆಂಚಿನಿಂದ ಬಗ್ಗಿ ನೋಡುತ್ತಿದ್ದರು. ಚನಬಸಪ್ಪ ಪ್ರತಿ ಸಲವೂ "ಮತ್ತ ಏನಾತು?" ಎನ್ನುತ್ತಿದ್ದರು.

ಹತ್ತನೆಯ ದಿನ ಅವಳು ಆಯ್ಕೆಗಳ ಪಟ್ಟಿ ತೆರೆದು ನೋಡಿದಳು. ಇಂಥದ್ದನ್ನು ನೋಡಬೇಡ ಎಂದು ಹೇಳುವ ಜಾಗ ಒಂದಿತ್ತು. ಫೈಲಿನ ಹೆಸರನ್ನು ಅಲ್ಲಿ ಬರೆಯಬೇಕಾಗಿತ್ತು. ಅವಳು ಫ್ಲಾಪಿಯ ಬಾಗಿಲನ್ನೇ ಪೂರ್ತಿಯಾಗಿ ಬರೆದಳು. ಎ ಡ್ರೈವಿನಿಂದ ಏನು ಬಂದರೂ ನೋಡಬೇಡ.

ಅಂಗಡಿ ತಣ್ಣಗಾಯಿತು. ಬರೀ ಕೀಲಿಗಳ ಸದ್ದು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ವಾರ. ಮಾಲವ್ವ ಎಂಬ ಹೆಂಗಸು, ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು, ಮಗಳ ಮದುವೆಯ ಕರೆಯೋಲೆ ಮಾಡಿಸಿದ್ದಳು. ಸೋಮವಾರ ಇನ್ನೂರು ಪ್ರತಿ ಕಟ್ಟಿಸಿಕೊಂಡು ಹೋದವಳು ಮಂಗಳವಾರ ಬೆಳಿಗ್ಗೆ ಆ ಕಟ್ಟನ್ನು ಹಾಗೆಯೇ ತಂದು ಮೇಜಿನ ಮೇಲೆ ಹಾಕಿದಳು.

"ಓದವಾ ಇದನ್ನ. ಕೊನೀ ಸಾಲು ಓದು."

ಕೊನೆಯಲ್ಲಿ, ಆಗಮನವನ್ನು ಬಯಸುವವರ ಹೆಸರುಗಳ ಕೆಳಗೆ, ಅವಳು ಟೈಪು ಮಾಡದ ಒಂದು ಸಾಲಿತ್ತು. ಛಿಠಿಣ ಡಿಟಿಜ ಣಛಿ ಠಿಡಿಣ. ಕನ್ನಡದ್ದೇ ಅಕ್ಷರ, ಆದರೆ ಯಾವ ಮಾತೂ ಅಲ್ಲ.

"ಬೀಗರು ಕೇಳಾಕತ್ತಾರ, ಇದೇನು ಮಂತ್ರ ಬರಸಿರೇನು ಅಂತ. ನಾ ಏನ್ ಹೇಳ್ಲಿ? ಛಿ ಅಂತ ಶುರು ಆಗೈತಿ, ಛಿ!"

ಬೆಂಚಿನ ಮೇಲಿದ್ದ ಯಾರೋ ನಕ್ಕರು. ಕಾತರಿನಾ ಬೇರೆ ಫೈಲುಗಳನ್ನು ತೆರೆದು ನೋಡಿದಳು. ಶಾಲೆಯ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಅದೇ ಸಾಲು. ವಕೀಲರ ಕರಾರುಪತ್ರದಲ್ಲಿ ಅದೇ ಸಾಲು. ನನ್ನ ಬರಹದಲ್ಲೂ. ಅಂದು ನಾನು ಅದೇ ಬೆಂಚಿನ ಮೇಲೆ ಕೂತಿದ್ದೆ. ಅವಳ ಕುತ್ತಿಗೆಯ ಹಿಂದೆ ಬೆವರು ಮೂಡಿದ್ದು ಕಾಣುತ್ತಿತ್ತು.

ಮಾಲವ್ವ ಹೋದ ಮೇಲೆ ಚನಬಸಪ್ಪ ದನಿ ಏರಿಸಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು. "ಕನ್ನಡ ಅಕ್ಷರದಾಗ ಕೈ ಹಾಕೂದು ನಿಮ್ಮಣ್ಣಂದು ಒಂದs. ಅದನ್ನ ಕಳ್ಳ ಅಂತ ಮೊದಲs ಹೇಳಿತ್ತು. ನಾ ನಿನ್ನ ಮಾತು ಕೇಳಿದೆ. ಶನಿವಾರದ ತನಕ ನೋಡ್ತೇನಿ. ಅದು ಕಳ್ಳ ಅಲ್ಲ ಅಂತ ಯಾರರೆ ದೊಡ್ಡವರು ಬರದು ಕೊಡ್ಲಿ. ಇಲ್ಲಂದ್ರ ಆ ಫ್ಲಾಪೀ ನನ್ನ ಮಷೀನಿನಾಗ ಬ್ಯಾಡ. ನೀ ಈ ಹೊಸಾ ಅಕ್ಷರ ಕಲ್ತು ಕೂಡು, ಆಗದಿದ್ರ ಬ್ಯಾರೆ ಯಾರರೆ ಕೂಡ್ತಾರ."

ಡೇವಿಡ್ ಆ ಸಂಜೆಯೇ ದಾಂಡೇಲಿಯ ಸೈಬರ್ ಅಂಗಡಿಯಿಂದ ತನ್ನ ಪ್ರೋಗ್ರಾಮನ್ನು ಆಂಟಿವೈರಸ್ ಕಂಪನಿಗೇ ಕಳಿಸಿದ. ಇದರಲ್ಲಿ ಕೇಡಿದೆಯೇ, ನೀವೇ ಬಿಚ್ಚಿ ನೋಡಿ ಎಂದು ಬರೆದ. ಉತ್ತರ ಬಂದರೆ ಎಸ್‌ಟಿಡಿ ಬೂತಿಗೆ ಫೋನು ಮಾಡುವುದಾಗಿ ಹೇಳಿದ.

ಬುಧವಾರ ಪೂರ್ತಿ ಕಾತರಿನಾ ಹೊಸ ಅಕ್ಷರಗಳ ಜಾಗ ಕಲಿಯಲು ಕೂತಳು. ಕೀಲಿಗಳ ಮೇಲೆ ಕಾಗದದ ಚೂರು ಅಂಟಿಸಿಕೊಂಡಿದ್ದಳು. ಅಷ್ಟು ವೇಗದ ಬೆರಳುಗಳು ಒಂದೊಂದೇ ಅಕ್ಷರ ಹುಡುಕುತ್ತ, ಎತ್ತಿದಲ್ಲೇ ನಿಲ್ಲುತ್ತ, ತಪ್ಪು ಕೀಲಿ ಒತ್ತಿ ಹಿಂದೆ ಬರುತ್ತ ಇದ್ದದ್ದನ್ನು ನೋಡಲು ಆಗುತ್ತಿರಲಿಲ್ಲ. ಅರ್ಧ ಪುಟಕ್ಕೆ ಒಂದು ತಾಸು. ಬೂತಿನಲ್ಲಿ ಫೋನು ರಿಂಗಾದಾಗಲೆಲ್ಲ ಅವಳ ತಲೆ ಬಾಗಿಲ ಕಡೆಗೆ ತಿರುಗುತ್ತಿತ್ತು. ಬೂತಿನ ಇಸ್ಮಾಯಿಲ್ ಒಳಗಿನಿಂದಲೇ ಕೂಗುತ್ತಿದ್ದ. "ನಿಂದಲ್ಲ ಕಾತರಿನಾಬಾಯಿ, ಕೂತ್ಗೊ! ಸಕ್ಕರೆ ಫ್ಯಾಕ್ಟರಿದು!" ಇನ್ನೊಮ್ಮೆ, "ನಿಂದಲ್ಲ, ನಮ್ಮ ಅತ್ತೀದು! ಬೇಕಾದ್ರ ನೀನs ಮಾತಾಡು!"

ಅವಳು ನಗಲಿಲ್ಲ. ಚಹಾ ತರಿಸಿ ಕುಡಿಯದೆ ಬಿಟ್ಟಳು. ಎದ್ದು ಬಾಗಿಲಿಗೆ ಬಂದು, ನಿಂತು, ಮತ್ತೆ ಹೋಗಿ ಕೂತಳು.

ಗುರುವಾರ ಅವಳು ಕೆಲಸಕ್ಕೆ ಬಂದದ್ದು ತಡವಾಗಿ. ಸೀರೆಯ ಅಂಚಿನಲ್ಲಿ ಕೆಸರು. ಹಿಂದಿನ ರಾತ್ರಿ ಹಂದಿಗಳು ಗದ್ದೆಗೆ ಬಂದಿದ್ದವಂತೆ. ಕೊಯ್ಲಿಗೆ ಎಂಟು ದಿನ ಉಳಿದ ಭತ್ತ. ಬಿದಿರು ಬಡಿಯುತ್ತಲೇ ಇತ್ತು, ಹಂದಿಗಳು ಅದರ ಬುಡದಲ್ಲೇ ಮೇದಿದ್ದವು, ಮನೆಯಲ್ಲಿ ಒಬ್ಬರಿಗೂ ಎಚ್ಚರವಾಗಿರಲಿಲ್ಲ.

"ನಿಮ್ಮಪ್ಪ ಸಿಟ್ಟಾದ್ರೇನು?" ಎಂದು ಕೇಳಿದೆ.

"ಇಲ್ಲ. ಬಿದಿರಿನ ಮುಂದ ಕೂತು ಭಾಳೊತ್ತು ನೋಡಿದ. ಆಮ್ಯಾಲ ಕಾಲುವಿಗೆ ಒಂದು ಕಲ್ಲು ಇಟ್ಟು ನೀರು ನಿಲ್ಲಿಸಿದ. ಹಗಲೆಲ್ಲಾ ಸುಮ್ನಿರ್ಲಿ, ದೀಪಾ ಹಚ್ಚೂ ಹೊತ್ತಿಗೆ ಕಲ್ಲು ತಗೀತೇನಿ ಅಂದ. ದಿನಾ ಒಂದs ಜಾಗಾದಾಗ ಇಡೂದು ಬ್ಯಾಡ ಅಂದ." ಅವಳು ಪರದೆಯನ್ನೇ ನೋಡುತ್ತಿದ್ದಳು. "ನೀರು ನಿಂತ ಮ್ಯಾಲ ನನಗ ಕೇಳ್ತು ನೋಡು. ಇಷ್ಟು ದಿನಾ ಅದು ಬಡೀತಿತ್ತಲ್ಲ ಅಂತ."

ಆಮೇಲೆ ಮಾಲವ್ವನ ಕರೆಯೋಲೆಯನ್ನು ತೆರೆದಳು. ಆ ಕೊನೆಯ ಸಾಲನ್ನು ಹಿಡಿದು, ಕನ್ನಡದ ಅಚ್ಚು, ಅಂದರೆ ಫಾಂಟು, ತೆಗೆದು ಇಂಗ್ಲಿಷಿನ ಅಚ್ಚು ಹಾಕಿದಳು.

ಆಗಿನ ಕನ್ನಡ ಅಚ್ಚುಗಳ ರೀತಿಯೇ ಹಾಗಿತ್ತು. ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷಿನ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಹೊದಿಸಿದಂತೆ ಇತ್ತು. ಇಂಗ್ಲಿಷಿನಲ್ಲಿ ಬಂದ ಸಾಲು ಕನ್ನಡದ ಕಾಗದದ ಮೇಲೆ ಛಿಠಿಣ ಎಂದೇ ಕಾಣಬೇಕು. ಹೊದಿಕೆ ತೆಗೆದಾಗ ಆ ಸಾಲು ಶುದ್ಧ ಇಂಗ್ಲಿಷಾಗಿ ಎದ್ದು ನಿಂತಿತು. ನಾನು ನಿನ್ನ ಯಂತ್ರದೊಳಗೆ ಮನೆ ಮಾಡಿದ್ದೇನೆ ಎಂಬ ಅರ್ಥದ ಒಂದು ಬಡಾಯಿ.

"ಇದು ಡೇವಿಡಣ್ಣಂದಲ್ಲ," ಎಂದಳು ಮೆಲ್ಲಗೆ. "ಅಂವಂದು ಬಂದ ಕೀಲೀನ ಬದಲಾಯಿಸ್ತೈತಿ ಅಷ್ಟs. ಇದನ್ನ ಯಾರೂ ಒತ್ತೇ ಇಲ್ಲ. ಇದು ಕಾಗದದಾಗ ಕೂತು ಬಂದದ್ದು."

ಸಂತೋಷವಾಗಬೇಕಾದ ಮಾತು. ಆದರೆ ಅವಳ ಮುಖ ಅರಳಲಿಲ್ಲ. ಆಯ್ಕೆಗಳ ಪಟ್ಟಿ ತೆರೆದು, ತಾನೇ ಬರೆದಿದ್ದ ಆ ಸಾಲನ್ನು ನೋಡಿದಳು. ಎ ಡ್ರೈವಿನಿಂದ ಏನು ಬಂದರೂ ನೋಡಬೇಡ.

ಆ ಸಾಲನ್ನು ಅಳಿಸಿದಳು. ಮಷೀನಿನ ಒಳಗಿನ ಕಾಗದಗಳನ್ನೂ ನೋಡು ಎಂದು ಗುರುತು ಹಾಕಿದಳು. ಪೂರ್ತಿ ತಪಾಸಣೆಗೆ ಒಂದೂಮುಕ್ಕಾಲು ತಾಸು ಹಿಡಿಯಿತು. ಕೆಂಪು ಪೆಟ್ಟಿಗೆ ಮೂವತ್ತೆಂಟು ಸಲ ಎದ್ದಿತು. ಈ ಸಲ ಪ್ರತಿಯೊಂದನ್ನೂ ಅವಳು ಓದಿದಳು. ಮೂವತ್ತೆಂಟರಲ್ಲೂ ಹೆಸರು ಒಂದೇ, ಕಾಗದಗಳಲ್ಲಿ ಕೂತು ಹರಡುವ ವೈರಸ್. ಅವುಗಳನ್ನು ತೊಳೆದು ಮುಗಿಸಿ, ಅಂಗಡಿಯ ಡಬ್ಬಿಯಲ್ಲಿದ್ದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದಳು. ವೈರಸ್ಸಿನ ಹೆಸರು ನೋಡಿದ ಚನಬಸಪ್ಪ, "ಆದ್ರೂ ನಿಮ್ಮಣ್ಣನ ಪ್ರೋಗ್ರಾಮಿನ ಬಗ್ಗೆ ಬರದದ್ದು ಬರ್ಲಿ," ಎಂದರು. ಅಷ್ಟರಲ್ಲಿ ನನ್ನ ತರಗತಿಯ ಹೊತ್ತಾಗಿತ್ತು, ನಾನು ಎದ್ದು ಹೋದೆ.

ಶುಕ್ರವಾರ ಫೋನು ಬರಲಿಲ್ಲ. ಎರಡು ಸಲ ಅವಳೇ ಹೋಗಿ ಬೂತಿನ ಫೋನೆತ್ತಿ ಗುಂಯ್ಯೆನ್ನುತ್ತಿದೆಯೇ ಎಂದು ಕೇಳಿ ಬಂದಳು. "ಜೀವ ಐತಿ ಬಾಯಿ ಅದಕ್ಕ," ಎಂದ ಇಸ್ಮಾಯಿಲ್. "ನಿನಗs ಇಲ್ಲ."

ಶನಿವಾರ ಮೂರೂವರೆಗೆ ಅವನು ಬೂತಿನಿಂದ ಹೊರಗೆ ಓಡಿಬಂದು ಕೂಗಿದ. "ಕಾತರಿನಾಬಾಯಿ! ದಾಂಡೇಲಿ! ದಾಂಡೇಲಿ!"

ಡೇವಿಡ್ ಪತ್ರವನ್ನು ಇಂಗ್ಲಿಷಿನಲ್ಲಿ ಓದಿದ, ಅವಳು ಕಾಗದದ ಮೇಲೆ ಬರೆದುಕೊಂಡಳು. ನೀವು ಕಳಿಸಿದ ಫೈಲನ್ನು ಪರೀಕ್ಷಿಸಿದ್ದೇವೆ. ಅದರಲ್ಲಿ ಕೇಡಿಲ್ಲ. ನಮ್ಮ ಎಚ್ಚರಿಕೆ ತಪ್ಪಾಗಿತ್ತು. ಮುಂದಿನ ತಿಂಗಳ ಸಿಡಿಯಲ್ಲಿ ಸರಿಪಡಿಸುತ್ತೇವೆ.

ಚನಬಸಪ್ಪ ಆ ಕಾಗದವನ್ನು ಓದಿ ಮಡಚಿದರು. "ಆತಲ್ಲs. ನಿಮ್ಮಣ್ಣ ಕಳ್ಳ ಅಲ್ಲ. ಹಾಂಗಾದ್ರ ಈ ಆಂಟಿವೈರಸ್ಸs ಸುಳ್ಳ. ಸುಳ್ಳ ಹೇಳಿ ಹೇಳಿ, ಖರೇ ವೈರಸ್ ಬಂದಾಗ ಸುಮ್ನ ಕೂತಿತ್ತು. ತಗದು ಒಗೀತೇನಿ ಇದನ್ನ."

ಅಲ್ಲಿಗೆ ಮುಗಿಯಬಹುದಿತ್ತು. ಅವಳ ಕುರ್ಚಿ ಅವಳಿಗೇ ಉಳಿದಿತ್ತು. ನಾನು ಬೆಂಚಿನ ಮೇಲಿದ್ದೆ. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು.

"ಒಗೀಬ್ಯಾಡ್ರಿ ಅಣ್ಣಾರ. ಅದು ಸುಮ್ನ ಕೂತಿದ್ದಿಲ್ಲ. ನಾನs ಕೂಡಿಸಿದ್ದೆ."

"ಏನು?"

"ಒಂದು ಫೈಲಿನ ಹೆಸರು ಬರಿಯೂದಿತ್ತು. ಕೂಗಾಟಕ್ಕ ಬ್ಯಾಸತ್ತು ಬಾಗಲಾನs ಬರದೆ. ಯಾವ ಫ್ಲಾಪೀನೂ ನೋಡಬ್ಯಾಡ ಅಂದೆ. ಮಾಲವ್ವಗ ಆದದ್ದು ನನ್ನ ಕೈಯಿಂದ."

ಚನಬಸಪ್ಪ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದರು. ಹೊರಗೆ ಉಳವಿಯ ಬಸ್ಸು ಹಾರ್ನ್ ಹೊಡೆಯಿತು. "ಯಾರ ಫ್ಲಾಪಿಯಿಂದ ಬಂತು? ಗೊತ್ತಾತೇನು?"

"ಬಂದದ್ದು ಬಾಗಲದಿಂದ್ರಿ," ಎಂದಳು. "ಬಾಗಲಾ ತಗದಾಕಿ ನಾನು."

ನಾನು ನೆಲ ನೋಡಿದೆ. ಹಿಂದಿನ ವಾರ ದಾಂಡೇಲಿಯ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಬರಹ ತಿದ್ದಿಸಿಕೊಂಡು ತಂದಿದ್ದ ನನ್ನ ಫ್ಲಾಪಿ ಅವಳ ಡಬ್ಬಿಯಲ್ಲೇ ಇತ್ತು. ಮಾಲವ್ವನ ಕರೆಯೋಲೆಗೆ ಎರಡು ದಿನ ಮೊದಲು ನನ್ನ ಬರಹ ಆ ಮಷೀನಿನಲ್ಲಿ ತೆರೆದಿತ್ತು.

"ಮತ್ತ ಈಗ ಹೆಂಗ ಮಾಡೂಣು ಅಂತಿ?" ಎಂದರು ಚನಬಸಪ್ಪ. ದನಿಯಲ್ಲಿ ಸಿಟ್ಟಿತ್ತು, ಆದರೆ ಕೇಳುತ್ತಿದ್ದರು.

"ಬಿಗೀನ ಒಂದು ಮೆಟ್ಟಲಾ ಇಳಸೂಣ್ರಿ. ಮಾತಿಗೊಮ್ಮೆ ಕೂಗೂದು ಬ್ಯಾಡ. ಡೇವಿಡಣ್ಣನ ಫೈಲು ಒಂದನ್ನ ಬಿಟ್ಟು ಮತ್ತೇನೂ ಬಿಡೂದು ಬ್ಯಾಡ. ಬಂದ ಫ್ಲಾಪಿ ಮೊದಲ ನೋಡಿ ಆಮ್ಯಾಲ ತಗಿಯೂದು. ನಿಮ್ಮದಾದ್ರೂ. ಊಟದ ಹೊತ್ತಿನಾಗ ಪೂರ್ತಿ ತಪಾಸಣಿ, ಆಗ ಮಷೀನು ನಿಧಾನಾದ್ರ ಯಾರಿಗೂ ತ್ರಾಸಿಲ್ಲ. ತಿಂಗಳಾ ಹೊಸಾ ಸಿಡಿ ತರಸೂದು. ಸಿಡಿ ಹಳೇದಾದ್ರ ಅದಕ್ಕ ಹೊಸಾ ಕಳ್ಳರ ಗುರ್ತು ಸಿಗೂದಿಲ್ಲ."

"ನನ್ನ ಫ್ಲಾಪೀನೂ ನೋಡ್ತಿ?"

"ನೋಡ್ತೇನ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಾಲವ್ವನ ಕಾರ್ಡು ಮೊದಲ ಹೊಸದಾಗಿ ತಗದು ಕೊಡು. ನೀನs ಒಯ್ದು ಕೊಡು, ನೀನs ಹೇಳು. ಸೋಮವಾರ ಹೊತ್ತಿಗೆ ಸರಿಯಾಗಿ ಬಾ. ಗುರುವಾರದಂಗ ತಡಾ ಮಾಡಬ್ಯಾಡ."

ಅವಳು ಡೇವಿಡನ ಫ್ಲಾಪಿ ಹಾಕಿದಳು. ಕೆಂಪು ಪೆಟ್ಟಿಗೆ ಒಮ್ಮೆ ಎದ್ದಿತು. ಫೈಲಿನ ಹೆಸರನ್ನು, ಅಕ್ಷರ ಅಕ್ಷರ ನೋಡಿ, ಬಿಡಬೇಕಾದದ್ದರ ಪಟ್ಟಿಯಲ್ಲಿ ಬರೆದಳು. ಆಮೇಲೆ ಬೆರಳುಗಳು ತಮ್ಮ ಹಳೆಯ ಜಾಗಕ್ಕೆ ಮರಳಿದವು. ಇನ್ನೂರು ಕಾರ್ಡು ಮುಗಿಯುವವರೆಗೆ ನಾನು ಅಲ್ಲೇ ಕೂತು ಮಡಚಿಕೊಟ್ಟೆ. ಪ್ರತಿ ಕಾರ್ಡಿನ ಕೊನೆಯ ಸಾಲನ್ನು ಅವಳೂ ನೋಡಿದಳು, ನಾನೂ ನೋಡಿದೆ.

ಪೇಟೆಯಲ್ಲಿ ಮಾಲವ್ವ ಕಟ್ಟು ಬಿಚ್ಚಿ ಒಂದು ಕಾರ್ಡನ್ನು ಪಕ್ಕದ ಅಂಗಡಿಯವನಿಂದ ಓದಿಸಿದಳು. ಕಾತರಿನಾ ಹೇಳಬೇಕಾದ್ದನ್ನು ಹೇಳಿದಳು. ಮಾಲವ್ವ ಎಲ್ಲ ಕೇಳಿ, "ಲಗ್ನಕ್ಕ ಬಂದು ಊಟಾ ಬಡಿಸು, ಅದs ದಂಡ," ಎಂದು ಎರಡು ಕಟ್ಟು ಮೆಂತ್ಯೆ ಕೈಗೆ ತುರುಕಿದಳು.

ಬಸ್ ಸ್ಟ್ಯಾಂಡಿಗೆ ಬರುವಾಗ ಬಿಸಿಲು ಇಳಿದಿತ್ತು. ಅವಳ ಬಸ್ಸು ಆಗಲೇ ನಿಂತು ಗುರುಗುಟ್ಟುತ್ತಿತ್ತು. ಕಲ್ಲು ತೆಗೆಯುವ ಹೊತ್ತಿಗೆ ಮನೆ ಸೇರಬೇಕು ಎಂದು ಅವಳು ಬೇಗ ಬೇಗ ನಡೆಯುತ್ತಿದ್ದಳು.

"ಅಕ್ಕಾ," ಎಂದೆ. "ಆ ಫ್ಲಾಪಿ ನಂದು. ದಾಂಡೇಲಿ ಗೆಳತಿ ಮನೀ ಮಷೀನಿನಿಂದ ತಂದದ್ದು."

"ಗೊತ್ತೈತಿ."

"ಯಾವಾಗಿಂದ?"

"ಗುರುವಾರದಿಂದ. ನೀ ಎದ್ದು ಹೋದ ಮ್ಯಾಲ ಮೂರನೇದ ಹಾಕಿದ್ದು ನಿಂದs."

"ಹೇಳ್ಬೇಕಿತ್ತಲ್ಲ ಅವರಿಗೆ."

"ಹೇಳಿ ಏನ್ ಮಾಡೂದಿತ್ತು? ನಿನಗ ಗೊತ್ತಿತ್ತೇನು ಅದರಾಗ ಏನೈತಿ ಅಂತ? ಕಂಡಕ್ಟರ್, ನಿಂದರ್ರಿ, ಬಂದೆ!" ಅವಳು ಮೆಂತ್ಯೆಯನ್ನು ಎಡಗೈಗೆ ಬದಲಾಯಿಸಿ, ತಿರುಗಿ ನೋಡದೆ ಬಸ್ಸಿನ ಕಡೆಗೆ ಹೆಜ್ಜೆ ಹಾಕುತ್ತಲೇ ಹೇಳಿದಳು. "ಸೋಮವಾರ ಬಾ. ಗೆಳತೀಗೂ ಹೇಳು, ಆಕಿ ಮನೀ ಮಷೀನಿನಾಗ ಇನ್ನೂ ಕೂತಿರ್ತೈತಿ. ಆಕಿ ಫ್ಲಾಪೀನೂ ತಗೊಂಡು ಬಾ, ಗುಂಡಿ ಸರಿಸಿ ತಾ, ಮೊದಲ ಅದನ್ನ ನೋಡೂಣು, ಆಮ್ಯಾಲ ನಿನ್ನ ಬರಹದ ಆ ಕೊನೀ ಪುಟಾ ಹೊಸದಾಗಿ ತಗದು ಕೊಡ್ತೇನಿ."